ಹಗ್ಗ ಹಿಡಿಯುವ ಪಾಳಿ

ಮಗಳ ಶಾಲೆಗೆ ಬೇಕಿದ್ದದ್ದು ಇಪ್ಪತ್ತು ಗಂಟೆಯ ಸೇವೆ,
ಒಂದು ಸಹಿ, ಒಂದು ಮೊಹರು.
ಒಬ್ಬಳನ್ನೇ ಕಳಿಸುವುದು ಹೇಗೆಂದು
ನಾಲ್ವರೂ ಹೊರಟೆವು ಶುಕ್ರವಾರ,
ಮುಹರ್ರಕ್‌ನ ಗಲ್ಲಿಗಳಲ್ಲಿ ಕಾರು ನಿಲ್ಲಿಸಲು
ಜಾಗ ಹುಡುಕುತ್ತ, ಹುಡುಕುತ್ತ.

ಹವಳಗಲ್ಲಿನ ಗೋಡೆ, ಖರ್ಜೂರದ ಗರಿಯ ಚಪ್ಪರ,
ಅಂಗಳದ ನಡುವೆ ಅರ್ಧ ದೋಣಿ;
ಇನ್ನರ್ಧ ನೋಡುವವರ ಪಾಲಿಗೆ ಬಿಟ್ಟದ್ದು.
ಬು ಜಾಸಿಮ್ ಎಂಬ ಮುದುಕ
ನಮ್ಮನ್ನು ಅಡಿಯಿಂದ ಮುಡಿಯವರೆಗೆ ಅಳೆದು
ನೂರು ವರ್ಷ ಹಿಂದಕ್ಕೆ ಹಂಚಿದ:
ಹರಿಣಾಕ್ಷಿಗೆ ಬೀಸುವ ಕಲ್ಲು,
ಲಿಖಿತನಿಗೆ ಚಿಪ್ಪು ಬಿಡಿಸುವ ಮೊಂಡು ಚಾಕು,
ನನಗೆ ಹಗ್ಗ.

"ನಾನು ಏಸಿ ರಿಪೇರಿಯವ" ಎಂದೆ.
"ಆಗ ಏಸಿ ಇರಲಿಲ್ಲ" ಎಂದ.

ಹರಿಣಾಕ್ಷಿ ಎರಡು ಸುತ್ತು ತಿರುಗಿಸಿ ನಿಲ್ಲಿಸಿದಳು.
"ಇದರ ಹಲ್ಲು ಸವೆದಿದೆ, ಹೇಳಿ ಅವರಿಗೆ,
ಉಳಿ ಹಿಡಿಯದೆ ಎಷ್ಟು ವರ್ಷವಾಯಿತೋ."
ಹಡಗಿನಿಂದಿಳಿದ ಪ್ರವಾಸಿಗಳು ಅವಳ ಫೋಟೋ ಹೊಡೆದು
ಇದೇ ಊರಿನವಳೇ ಎಂದು ಕೇಳಿದರು.
ಅವಳು ಹಿಟ್ಟಿನ ಕೈ ಆಡಿಸಿ
ತುಳುವಿನಲ್ಲಿ ಏನೋ ಅಂದಳು. ನಾನು ಅನುವಾದಿಸಲಿಲ್ಲ.

ಮುಳುಗುವವನ ಕಾಲಿಗೆ ಕಲ್ಲು, ಮೂಗಿಗೆ ಕೊಂಬಿನ ಚಿಮಟ,
ಕೊರಳಿಗೆ ಬಲೆಯ ಬುಟ್ಟಿ.
ಎಳೆಯುವವನಿಗೆ ಹಗ್ಗವೊಂದೇ.
"ಕೆಳಗಿನವನು ಜಗ್ಗಿದರೆ ಎಳೆ.
ಅಲ್ಲಿಯವರೆಗೆ ಮಾತಿಲ್ಲ, ಹೊಗೆಯಿಲ್ಲ,
ಕಿವಿ ಅಂಗೈಯಲ್ಲಿರಬೇಕು.
ಪಾಲು ನಿನಗೆ ಅವನಿಗಿಂತ ಕಡಿಮೆ,
ಸಾಲ ಮಾತ್ರ ಇಬ್ಬರಿಗೂ ಇದ್ದೇ ಇದೆ."
ಗಾಜಿನ ಪೆಟ್ಟಿಗೆಯೊಳಗೆ ನಖೋದನ ಲೆಕ್ಕದ ಪುಸ್ತಕ;
ಅಪ್ಪನ ಬಾಕಿ ಮಗನ ಹೆಸರಿಗೆ ಏರಿದ ಪುಟ.
ಅರಬ್ಬಿ ಬಾರದ ನನಗೂ
ಆ ಪುಟ ಓದಲು ಬಂತು.

ನನ್ನಪ್ಪ ಮಲ್ಪೆಯಲ್ಲಿ ಕೈರಂಪಣಿಯ ಹಗ್ಗ ಎಳೆದವ.
ಮಗ ಎಳೆಯಬಾರದೆಂದೇ ಐಟಿಐ ಸೇರಿಸಿದವ.
ಈಗ ನೋಡಿದ್ದರೆ,
ರಜೆಯ ದಿನ, ಸಂಬಳವಿಲ್ಲದೆ,
ಮೀನೂ ಇಲ್ಲದ ಹಗ್ಗ.

"ಹುಡುಗಿಯರು ಮುಳುಗುತ್ತಿರಲಿಲ್ಲ" ಎಂದ ಮುದುಕ.
"ಮಲ್ಪೆಯವರು ಇಲ್ಲಿ ಹಗ್ಗ ಹಿಡಿಯುತ್ತಿದ್ದರಾ?" ಎಂದಳು ಮನ್ವಿತಾ.
ಅವನು ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡ.
ಆಮೇಲೆ ಚಿಮಟವನ್ನು ಅಂಗಿಗೆ ಒರೆಸಿ
ಅವಳ ಕೈಗಿಟ್ಟ.

ಸಮುದ್ರವೆಂದರೆ ಹದಿನಾಲ್ಕು ಗಜ ನೀಲಿ ಬಟ್ಟೆ,
ಎರಡೂ ತುದಿ ಹಿಡಿದು ಅಲೆ ಎಬ್ಬಿಸಲು
ಪಕ್ಕದ ಬೀದಿಯ ಅಣ್ಣತಮ್ಮಂದಿರು.
ಮಗಳು ಇಳಿದಳು.
ನಲವತ್ತಕ್ಕೆ ಜಗ್ಗಬೇಕು, ಹಾಗೆಂದು ಮಾತಾಗಿತ್ತು.
ನಲವತ್ತಾಯಿತು.
ಐವತ್ತು.
ಕೂತವರು ಕೆಮ್ಮುವುದನ್ನು ನಿಲ್ಲಿಸಿದರು.
ಅರವತ್ತೈದು. ಹಗ್ಗ ಸಡಿಲ.
ಬಟ್ಟೆಯ ಕೆಳಗೆ ಚಾಪೆ,
ಚಾಪೆಯ ಕೆಳಗೆ ನೆಲ,
ಬೆಳಿಗ್ಗೆ ನಾನೇ ಗುಡಿಸಿದ್ದು.
ಎಲ್ಲ ಗೊತ್ತು.
ಆದರೂ ಕೈ ನನ್ನನ್ನು ಕೇಳದೆ ಎಳೆಯಿತು.

ಕೂದಲೆಲ್ಲ ಮುಖದ ಮೇಲೆ, ಮೂಗಿನಲ್ಲಿ ಚಿಮಟ,
ಎದ್ದು ಬಂದು ಸಿಡುಕಿದಳು:
"ಅಪ್ಪಾ, ನಾನು ಜಗ್ಗಲೇ ಇಲ್ಲ!
ನೂರರವರೆಗೆ ಇರಬಹುದಾ ಅಂತ ನೋಡ್ತಿದ್ದೆ."
ಜನ ನಕ್ಕು ಚಪ್ಪಾಳೆ ತಟ್ಟಿದರು.

ಬು ಜಾಸಿಮ್ ತಟ್ಟಲಿಲ್ಲ.
ಹಗ್ಗವನ್ನು ಸುರುಳಿ ಸುತ್ತುತ್ತ, ನನ್ನ ಕಡೆ ನೋಡದೆ,
"ನನ್ನಜ್ಜನ ಹಗ್ಗ ಹಿಡಿದವನು ಜಗ್ಗುವವರೆಗೆ ಕಾದ" ಎಂದ.
ಸುರುಳಿ ಮುಗಿಯಿತು. ಮೊಳೆಗೆ ನೇತುಹಾಕಿದ.
ಚಹಾ ಬಂತು.

ಮೊಹರು ಬಿದ್ದು ಮೂರು ವಾರವಾಯಿತು,
ಶಾಲೆಯವರು ಕಾಗದವನ್ನು ಯಾವ ಕಡತಕ್ಕೆ ಸೇರಿಸಿದರೋ.
ಈ ಶುಕ್ರವಾರ ಎದ್ದು ನೋಡಿದರೆ
ಲಿಖಿತ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ,
ಹರಿಣಾಕ್ಷಿಯ ಚೀಲದಲ್ಲಿ
ಹಳೆಯ ಟವೆಲಿನಲ್ಲಿ ಸುತ್ತಿದ ಉಳಿ, ಸುತ್ತಿಗೆ.
"ಬೇಗ ಹೊರಡಿ" ಎನ್ನುತ್ತಾಳೆ,
"ಆಮೇಲೆ ಕಾರಿಗೆ ಜಾಗ ಸಿಗುವುದಿಲ್ಲ."