ಒಂಬತ್ತು ಉಗುರು

ಅರ್ಜಿಯಲ್ಲಿ ಮೂರು ಚೌಕ: ಓದಲು, ಬರೆಯಲು, ಮಾತಾಡಲು.
ಮಲಯಾಳದ ಮುಂದೆ ಮೂರರಲ್ಲೂ ಅಡ್ಡಗೆರೆ ಎಳೆದೆ.
ರೆಜೀನಾ ಸಿಸ್ಟರ್ ನಕ್ಕು ರಟ್ಟಿನ ಪೆಟ್ಟಿಗೆ ತೋರಿಸಿದರು:
ಜನ ತಂದುಕೊಟ್ಟ ಉಳಿದ ಮಾತ್ರೆ,
ತೀರಿಕೊಂಡವರ ಮನೆಯಿಂದ ಬಂದವೇ ಹೆಚ್ಚು.
ಅವಧಿ ಮುಗಿದದ್ದು ಎಡಕ್ಕೆ, ಇನ್ನೂ ಇದ್ದದ್ದು ಬಲಕ್ಕೆ.
ತಾರೀಖಿಗೆ ಯಾವ ಭಾಷೆ?
ಕಾಞಂಗಾಡಿನಲ್ಲಿ ಎರಡು ತಿಂಗಳು
ನಾನು ಅಂಕಿಗಳಲ್ಲೇ ಬದುಕಿದೆ.

ಆ ಗುರುವಾರ ಜೀಪಿನಲ್ಲಿ ಒಂದು ಜಾಗ ಖಾಲಿ.
ಹತ್ತು, ಬಾ, ಎಂದು ಕೈಸನ್ನೆ.

ಬೀಡಿ ಕಟ್ಟಿ ಕಟ್ಟಿ ಬಾಗಿದ ಬೆರಳು ಕುಞಂಬು ಅವರದು.
ಕಿರುಬೆರಳಲ್ಲಿ ಕತ್ತರಿ ತಾಗಿ ರಕ್ತ ಹನಿಯಿತು.
‘ಸಾರಮಿಲ್ಲ’ ಅಂದರು.
ಸಾರು ಇಲ್ಲವಂತೆ ಎಂದುಕೊಂಡು
ಅಡುಗೆಮನೆಯತ್ತ ನೋಡಿದೆ, ಗದಗಿನವಳು.
ಸೊಸೆ ಸೆರಗು ಬಾಯಿಗೊತ್ತಿ ಒಳಗೋಡಿದಳು.

ಬಲ ಹೆಬ್ಬೆರಳಿಗೆ ಬಂದಾಗ ಕೈ ಹಿಂದಕ್ಕೆಳೆದುಕೊಂಡರು.
ಅದರ ಉಗುರು ಮಾತ್ರ ಉದ್ದ, ಹಳದಿ,
ಬೀಡಿಯ ತುದಿ ಮಡಚುವ ಉಗುರು.
ಎಲೆ ಮುಟ್ಟದೆ ಹನ್ನೊಂದು ವರ್ಷವಂತೆ.
‘ವೇಂಡ.’

ಅದಕ್ಕೆ ಯಾರೂ ಅರ್ಥ ಹೇಳಬೇಕಿರಲಿಲ್ಲ.
ಕತ್ತರಿ ಮುಚ್ಚಿದೆ.
ಒಂಬತ್ತು ಉಗುರನ್ನು ಹಳೇ ಪೇಪರಿನಲ್ಲಿ ಮಡಚಿ
ಹೊರಗೆ ತಂದೆ. ಜೀಪು ಹಾರ್ನ್ ಹೊಡೆಯುತ್ತಿತ್ತು.