ಗುಲಾಬಿ ದ್ರವ

ತುರ್ಕುವಿನಲ್ಲಿ ಜನವರಿ; ಮಧ್ಯಾಹ್ನ ಮೂರಕ್ಕೇ ದೀಪ.
ಸಿರ್ಕಾ ಕೋಶಗಳಿಗೆ ಉಣಿಸುತ್ತಾಳೆ,
ದಿನ ಬಿಟ್ಟು ದಿನ, ಹಬ್ಬದಂದೂ.
ಯಾರದೋ ಸ್ತನದ ಗಂಟು. ಆಕೆ ಹೋಗಿ ವರ್ಷಗಳಾದವು,
ಇವು ಇನ್ನೂ ಒಂದು ಎರಡಾಗುತ್ತಿವೆ.

ಇದ್ದಿಲು ಬೆರೆಸಿ ಸೋಸಿದ ಸೀರಮ್ಮು,
ಹಾರ್ಮೋನಿನ ಹನಿಯಿಲ್ಲ. ಆದರೂ ಬೆಳೆದವು.
ಬೆಳೆಯಿರೆಂದು ಹೇಳುತ್ತಿರುವವರು ಯಾರು?
ಮೂರು ವರ್ಷದ ಮೇಲೆ ಸಿಕ್ಕಿತು:
ದ್ರವದ ಗುಲಾಬಿ ಬಣ್ಣವೇ
ಈಸ್ಟ್ರೊಜೆನ್ನಿನ ದನಿ ತೆಗೆದು ಕರೆಯುತ್ತಿತ್ತು.

ನಕ್ಕಳು. ನೋಟ್‌ಬುಕ್ಕಿನ ಪುಟಪುಟಕ್ಕೂ ಅಡ್ಡಗೆರೆ ಎಳೆದಳು.

ತಿಂಗಳು ತಿಂಗಳು ಗರ್ಭಕ್ಕೆ ಹಾಸಿಗೆ ಹಾಸೆಂದ ಮಾತೇ
ಗಂಟಿಗೂ ಕೇಳುತ್ತದೆ;
ಸಾಕು ಅಂದದ್ದು ಮಾತ್ರ ಕೇಳದು.

ಅವಳೊಳಗೆ ಆ ಮಾತು ನಿಂತು ಎರಡು ವರ್ಷ.
ಕತ್ತಿನಿಂದ ಬಿಸಿ ಏರುತ್ತದೆ, ಹೇಳದೆ ಕೇಳದೆ.
ಹೊರಗೆ ಹಿಮ. ಒಳಗೆ ಸಿರ್ಕಾ
ಮೈನಸ್ ಎಂಬತ್ತರ ಫ್ರೀಜರಿನ ಬಾಗಿಲು ತೆರೆದು
ಮುಖವೊಡ್ಡಿ ನಿಂತಿದ್ದಾಳೆ,
ಏನೋ ಹುಡುಕುವ ನೆಪದಲ್ಲಿ.