ಗಾಳಿಯ ಹಿಡಿಕೆ

ಬೂದಿಯಿಂದಲೇ ತಿಕ್ಕಬೇಕು. ಅಂಗಡಿಯ ಬಾಟಲಿ ಬೇಡ.
ಶನಿವಾರದ ಪೇಪರಿನ ಅರ್ಧ ಹಾಳೆ ಮುದುರಿ,
ನೀರಲ್ಲಿ ಅದ್ದಿ, ಹಿಂಡಿ,
ನಿನ್ನೆಯ ಬೂದಿಗೆ ಒಮ್ಮೆ ಒತ್ತಿ
(ಹಿಟ್ಟಿನಂಥದ್ದು ಮಾತ್ರ; ಇದ್ದಿಲ ಚೂರಿದ್ದರೆ
ಗಾಜಿಗೆ ಗೀರು ಬೀಳುತ್ತದೆ)
ಸುತ್ತಿ ಸುತ್ತಿ ಉಜ್ಜಬೇಕು.
ಕಪ್ಪು ಮೊದಲು ಕಂದಾಗುತ್ತದೆ,
ಆಮೇಲೆ ಹಾಲಿಲ್ಲದ ಚಹಾ,
ಆಮೇಲೆ ಇದ್ದಕ್ಕಿದ್ದಂತೆ
ಗಾಜಿನಾಚೆ, ನಿನ್ನೆ ಉರಿದ ಮರದ ಮೊಳಕೈ.

ಬೆಂಕಿ ಮಾಡಿದ ಕೊಳೆಯನ್ನು
ಬೆಂಕಿ ಉಳಿಸಿದ್ದೇ ತೊಳೆಯುತ್ತದೆ ಅಂತ
ಅಪ್ಪ ಹೇಳುತ್ತಿದ್ದ.
ಅಪ್ಪನ ಒಲೆಗೆ ಗಾಜೇ ಇರಲಿಲ್ಲ,
ಏನು ಬೇಕಾದರೂ ಹೇಳಬಹುದಿತ್ತು.

ಹನ್ನೊಂದು ಚಳಿಗಾಲ ಮಾಡಿದ್ದೇನೆ ಈ ಕೆಲಸ,
ಮೊಣಕಾಲ ಕೆಳಗೆ ಹಳೆಯ ದಿಂಬಿಟ್ಟು,
ಹ್ಯೂಅನ್ ನದಿಯ ಮೇಲೆ ಮಂಜು ಇನ್ನೂ ಹೊರಳಿ ಮಲಗಿರುವಾಗ,
ಹಿತ್ತಿಲ ಬೋಳು ಸೇಬುಮರಗಳ ಕೆಳಗೆ ವಾಲಬಿಗಳು
ಹಿಮಗಟ್ಟಿದ ಹುಲ್ಲನ್ನು ಕರಕರ ಅಗಿಯುವಾಗ.
ಯಾಕೆಂದರೆ ದಿನಾ ರಾತ್ರಿ
ನನ್ನ ಅಕ್ಕ ಏವಿಸ್
ಮಲಗುವ ಮುಂಚೆ ಗಾಳಿಯ ಹಿಡಿಕೆಯನ್ನು
ಪೂರ್ತಿ ಎಡಕ್ಕೆ ತಳ್ಳುತ್ತಾಳೆ. ಟಕ್.
ಒಳಗೊಂದು ದಪ್ಪ ಕೊರಡು ಉಸಿರುಗಟ್ಟಿ
ಬೆಳಗಿನ ತನಕ ಹೊಗೆಯಾಡುತ್ತದೆ.
ಕೆಂಡ ಉಳಿಯುತ್ತದೆ, ಒಪ್ಪುತ್ತೇನೆ.
ಕಡ್ಡಿ ಗೀರುವುದು ತಪ್ಪುತ್ತದೆ.
ಆದರೆ ಗಾಜು
ಗುದ್ದು ತಿಂದ ಕಣ್ಣು.

"ಸೌದೆ ಉಳಿಯಿತಲ್ಲ" ಅನ್ನುತ್ತಾಳೆ.
"ಬೆಂಕಿ ಕಾಣದಿದ್ದರೆ ಗಾಜಿನ ಒಲೆ ಯಾಕೆ ತಂದೆವು?"
"ತಂದದ್ದು ನೀನು."
ಅಷ್ಟೇ, ಹನ್ನೊಂದು ವರ್ಷದ ಜಗಳದ ಪೂರ್ಣಪಾಠ.
ಆಮೇಲೆ ಇಬ್ಬರೂ ಟೋಸ್ಟಿಗೆ ಬೆಣ್ಣೆ ಹಚ್ಚುತ್ತೇವೆ.
ಅವಳು, ತೆಳ್ಳಗೆ.

ಜೂನ್ ಕೊನೆಗೆ ಸೌದೆಯ ಶೆಡ್ಡಿನ ಮೆಟ್ಟಿಲಲ್ಲಿ ಜಾರಿ
ಸೊಂಟ ಮುರಿದುಕೊಂಡಳು.
ಹೋಬಾರ್ಟಿನ ಆಸ್ಪತ್ರೆ. ಲೋಹದ ಕೀಲು. ಐದು ವಾರ.
ಆಂಬುಲೆನ್ಸಿಗೆ ಹತ್ತಿಸುವಾಗ
ಬೆರಳಾಡಿಸಿ ಹತ್ತಿರ ಕರೆದಳು, ಬಗ್ಗಿದೆ.
"ಗಾಳಿ ಮುಚ್ಚು" ಅಂದಳು.

ಮುಚ್ಚಲಿಲ್ಲ.

ಸ್ಟ್ರಿಂಗಿಬಾರ್ಕ್, ಎರಡು ಬೇಸಿಗೆ ಒಣಗಿದ ಬ್ಲ್ಯಾಕ್‌ವುಡ್,
ಕಡಿದಿಟ್ಟ ಮುದಿ ಸೇಬಿನ ಕೊಂಬೆ:
ಕೈಗೆ ಸಿಕ್ಕಿದ್ದೆಲ್ಲ ಧಗಧಗ ಉರಿಸಿದೆ.
ಗಾಜು ಎಷ್ಟು ತಿಳಿಯೆಂದರೆ
ಬೆಕ್ಕು ಎರಡು ಸಲ ಮೂಗು ಸುಟ್ಟುಕೊಂಡಿತು.
ಕುರ್ಚಿ ಎಳೆದುಕೊಂಡು ಜ್ವಾಲೆ ನೋಡುತ್ತಾ ಕೂತೆ.
ಮೂರನೇ ರಾತ್ರಿಗೆ ಗೊತ್ತಾಯಿತು,
ಬೆಂಕಿಗೂ ಹೇಳಲು ಹೊಸದೇನಿಲ್ಲ.
ಬೆಳಿಗ್ಗೆ ದಿಂಬು ಹಾಕಿ ಮೊಣಕಾಲೂರಿದರೆ
ತಿಕ್ಕಲು ಏನೂ ಇಲ್ಲ.
ಅಲ್ಲೇ ಕೂತು ಒದ್ದೆ ಹಾಳೆ ಓದಿದೆ:
ಯಾರದೋ ದೋಣಿ ಮಾರಾಟಕ್ಕಿದೆ,
ಇನ್ಯಾರದೋ ನಾಯಿ ಸಿಕ್ಕಿದೆ,
ಬಲಗಿವಿ ಹರಿದದ್ದು, ಕರೆದರೆ ಬರುವುದಿಲ್ಲ.

ಡಾರ್ಸಿ ಕ್ಲೆನೆಟ್ ಎರಡನೇ ಲೋಡು ಸುರಿಯಲು ಬಂದವನು
ಖಾಲಿ ಶೆಡ್ಡು ನೋಡಿ ಸಿಳ್ಳೆ ಹಾಕಿದ.
"ಏವಿಸ್‌ಗೆ ಹೇಳಬೇಡ" ಅಂದೆ.
"ನಾನು ಹೇಳಬೇಕೆ?" ಅಂದ,
ತಲೆಯೆತ್ತಿ ನಮ್ಮ ಚಿಮಣಿಯ ಕಡೆ ನೋಡುತ್ತಾ,
ಹೊಗೆಯೇ ಇಲ್ಲದೆ ನಡುಗುವ ಬರಿ ಗಾಳಿ.

ನಾಳೆ ಬರುತ್ತಾಳೆ.
ಮಂಚವನ್ನು ಒಲೆ ಕಾಣುವ ಕಡೆಗೆ ಎಳೆದಿದ್ದೇನೆ,
ಕಾಲು ತೊಡರದಂತೆ ನೆಲದ ಚಾಪೆ ಸುತ್ತಿಟ್ಟಿದ್ದೇನೆ.
ಬಚ್ಚಲಿಗೆ ಹಿಡಿ ಕಂಬಿ ಹಾಕಿಸಿದ್ದೇನೆ, ಸ್ವಲ್ಪ ಓರೆ.

ಹತ್ತು ಗಂಟೆ.
ರಾಶಿಯಲ್ಲೇ ದಪ್ಪದ, ಅರೆಹಸಿಯ ಕೊರಡೊಂದನ್ನು
ಹುಡುಕಿ ತಂದು ಒಳಗಿಟ್ಟು
ಬಾಗಿಲು ಹಾಕುತ್ತೇನೆ.
ಹಿಡಿಕೆ ಬಿಗಿಯಾಗಿದೆ, ಐದು ವಾರ ಯಾರೂ ಮುಟ್ಟಿಲ್ಲ.
ಎಡಕ್ಕೆ. ಇನ್ನೂ ಎಡಕ್ಕೆ.
ಟಕ್.

ಜ್ವಾಲೆ ಕುಗ್ಗಿ, ನೀಲಿಯಾಗಿ, ಸೋಮಾರಿಯಾಗಿ
ಕೊರಡಿನ ಬೆನ್ನಿಗೆ ಅಂಟಿಕೊಳ್ಳುತ್ತದೆ.
ಗಾಜಿನ ಮೂಲೆಯಿಂದ ಮಸಿ
ಅವಸರವಿಲ್ಲದೆ, ಮನೆ ಗೊತ್ತಿರುವವರ ಹಾಗೆ
ಒಳಗೆ ಬರುತ್ತದೆ.

ಹನ್ನೊಂದಕ್ಕೆ ಟ್ಯಾಕ್ಸಿ.
ಅಲ್ಲಿಯ ತನಕ ಒರೆಸುವುದಿಲ್ಲ.